ಅತ್ತಿಗೆ ನೀರು ನಿಲ್ಲಿಸಿದ ಬೇಸಿಗೆ

ಅತ್ತಿಗೆಯ ಬಲಗೈ ಹೆಬ್ಬೆರಳು ಸದಾ ನೆನೆಸಿಟ್ಟ ಬಾದಾಮಿಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಉಗುರಿನ ಒಂದು ಅಂಚು ಸವೆದು ಒಳಗೆ ಸರಿದುಹೋಗಿತ್ತು. ತೋಟದ ಪೈಪಿನ ಬಾಯಿಯನ್ನು ಆ ಬೆರಳಿನಿಂದ ಅರ್ಧ ಮುಚ್ಚಿ ಹಿಡಿದರೆ ನೀರು ಬೀಸಣಿಗೆಯಂತೆ ಹರಡಿ ಗೋಡೆಯಂಚಿನ ದುಂಡುಮಲ್ಲಿಗೆಯವರೆಗೂ ಹೋಗುತ್ತಿತ್ತು. ಪೈಪಿನ ತುದಿಗೆ ಸಿಕ್ಕಿಸುವ ಮೂತಿಯೊಂದು ಅಂಗಡಿಯಲ್ಲಿ ಸಿಗುತ್ತದೆ, ಅದಿದ್ದರೆ ಬೆರಳು ಒತ್ತುವ ಕಷ್ಟವಿಲ್ಲ. ಆದರೆ ಅದನ್ನು ಅವರಿಗೆ ತಂದುಕೊಡಬೇಕು ಅಂತ ಆ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ಅವರು ನನ್ನ ಗಂಡನ ಅಕ್ಕ. ನಾನು ಮದುವೆಯಾಗಿ ಲಕ್ಷ್ಮೀಪುರಂನ ಆ ಮನೆಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಮನೆಯಲ್ಲಿದ್ದವರು ನನ್ನ ಗಂಡನ ಅಣ್ಣ, ಅಂದರೆ ಭಾವ, ಅವರ ಹೆಂಡತಿ, ನಾವಿಬ್ಬರು, ಮತ್ತು ಮದುವೆಯಾಗದೆ ಉಳಿದಿದ್ದ ಅತ್ತಿಗೆ. ಭಾವನ ಹೆಂಡತಿ ಮೊದಲ ವಾರವೇ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ಎಚ್ಚರಿಸಿದ್ದರು. "ಅವಳಿಗೆ ಕೋಪ ಮೂಗಿನ ತುದೀಲೇ ಇರುತ್ತೆ ಕಣಮ್ಮ. ತೋಟದ ಕಡೆ ಹೋಗಬೇಡ. ಅಲ್ಲಿದ್ರೆ ಅವಳಿಗೆ ಮನುಷ್ಯರು ಬೇಡ."

ಕೋಪವಂತೂ ಇತ್ತು. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬಂದ ಕೂಡಲೇ ಹೊರಗೆ ಅವರ ದನಿ ಶುರುವಾಗುತ್ತಿತ್ತು. ನಲ್ಲಿಯನ್ನು ಬೈಯುವರು, ಪೈಪನ್ನು ಬೈಯುವರು, ಗುಲಾಬಿ ಗಿಡಗಳನ್ನೂ ಬೈಯುವರು. "ಕುಡಿ, ಕುಡಿದು ಸಾಯಿ" ಅನ್ನುತ್ತಲೇ ಒಂದೊಂದು ಪಾತಿಯನ್ನೂ ತುಂಬಿಸುವರು. ನಾನು ಕಿಟಕಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನಮ್ಮ ತವರಿನಲ್ಲಿ ಹೆಂಗಸರು ಸಿಟ್ಟು ಬಂದರೆ ಪಾತ್ರೆ ಸ್ವಲ್ಪ ಜೋರಾಗಿ ಇಡುತ್ತಿದ್ದರು, ಅಷ್ಟೇ. ಇಷ್ಟು ಬಾಯಿಬಿಟ್ಟು ಸಿಟ್ಟಾಗುವ ಹೆಂಗಸನ್ನು ನಾನು ನೋಡಿಯೇ ಇರಲಿಲ್ಲ.

ಆ ಪೈಪಿನದೇ ಒಂದು ಕಥೆ. ಯಾವ ಕಾಲದ್ದೋ, ಮೊದಲು ಹಸಿರು ಬಣ್ಣದ್ದಂತೆ. ನಾನು ಬರುವ ಹೊತ್ತಿಗೆ ಬಿಸಿಲಿಗೆ ಬೆಳ್ಳಗಾಗಿ, ಮೈತುಂಬ ಕಪ್ಪು ತೇಪೆ ಹೊತ್ತು ಮಲಗಿರುತ್ತಿತ್ತು. ಸೋರದ ವಾರವೇ ಇರಲಿಲ್ಲ. ಒಂದು ದಿನ ಮಧ್ಯಾಹ್ನ ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಒಂದು ಪಾತ್ರೆ ನೀರು ಕುದಿಯೋಕೆ ಇಡು" ಅಂದರು. ಕಾಫಿಗೇನೋ ಅಂದುಕೊಂಡೆ. ನೀರು ಕುದಿದ ಮೇಲೆ ಪಾತ್ರೆ ಹಿಡಿದುಕೊಂಡು ಅವರ ಹಿಂದೆಯೇ ಹೊರಗೆ ಹೋದೆ.

ಪೈಪು ನಡುವೆ ಉದ್ದಕ್ಕೆ ಸೀಳಿತ್ತು. ಅತ್ತಿಗೆ ಹಳೇ ಕುಡುಗೋಲಿನಿಂದ ಸೀಳಿದ ತುಂಡನ್ನು ಕತ್ತರಿಸಿ ಎಸೆದರು. ಉಳಿದ ಎರಡು ತುದಿಗಳನ್ನೂ ಬಿಸಿನೀರಲ್ಲಿ ಅದ್ದಿ ಹಿಡಿದರು. ಪ್ಲಾಸ್ಟಿಕ್ಕು ಮೆತ್ತಗಾದಾಗ ಗೇಣಿಗಿಂತ ಚಿಕ್ಕ ಅಲ್ಯೂಮಿನಿಯಂ ಕೊಳವೆಯೊಂದನ್ನು ಒಂದು ತುದಿಗೆ ತುರುಕಿದರು. ಮುರಿದ ಟಿವಿ ಆಂಟೆನಾದ ತುಂಡು ಅದು.

"ನೀನು ಆ ಕಡೆಯಿಂದ ತಳ್ಳು" ಅಂದರು. ತಳ್ಳಿದೆ. "ಅನ್ನ ತಿಂದಿಲ್ವಾ? ತಳ್ಳಮ್ಮ." ಇನ್ನೂ ಜೋರಾಗಿ ತಳ್ಳಿದೆ. ಎರಡು ತುದಿಗಳೂ ನಡುವೆ ಬಂದು ಕೂಡಿದವು. ಆಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ಎಳೆದಷ್ಟೂ ಬಿಗಿಯಾಗಿ ಸುತ್ತಿ, ತಂತಿ ಬಿಗಿದರು. ಸೈಕಲ್ ಟ್ಯೂಬನ್ನು ಮೂಲೆಯ ಪಂಕ್ಚರ್ ಅಂಗಡಿಯಿಂದ ಅವರೇ ಕೇಳಿ ತರುತ್ತಿದ್ದರು.

ನಲ್ಲಿ ತಿರುಗಿಸಿದಾಗ ತೇಪೆಯ ಹತ್ತಿರ ಒದ್ದೆ ಕಂಡಿತು. ನಾನು, "ಇಲ್ಲೇ ಸೋರ್ತಿದೆ ಅತ್ತಿಗೆ" ಅಂದೆ.

"ಅಲ್ಲಿ ಸೋರ್ತಿಲ್ಲ. ಮೇಲಿಂದ ಹರ್ಕೊಂಡು ಬಂದು ಅಲ್ಲಿ ತೊಟ್ಟಿಕ್ತಿದೆ. ಒದ್ದೆ ಆದ ಜಾಗನೇ ಸೋರೋ ಜಾಗ ಅಂದ್ಕೊಂಡ್ರೆ ಜೀವಮಾನವೆಲ್ಲ ತೇಪೆ ಹಾಕ್ತಾ ಇರ್ಬೇಕು."

ಆ ದಿನ ಧೈರ್ಯ ಮಾಡಿ ಕೇಳಿದೆ. "ನೀವು ಮದುವೆ ಬೇಡ ಅಂದ್ರಂತೆ, ಹೌದಾ?"

ಅತ್ತಿಗೆ ತಂತಿಯ ತುದಿಯನ್ನು ಮಡಚುತ್ತಾ ಹೇಳಿದರು: "ಅಪ್ಪಂಗೆ ಲಕ್ವಾ ಹೊಡೀತು. ಆಮೇಲೆ ಅಮ್ಮ ಹಾಸಿಗೆ ಹಿಡಿದ್ರು. ಅವರನ್ನ ಎತ್ತಿ ಕೂರ್ಸೋಕೆ ಒಬ್ಬರು ಬೇಕಿತ್ತು. ನಾನಿದ್ದೆ. ಬೇಡ ಅಂದ್ಳು ಅಂತ ಇವರೇ ಊರೆಲ್ಲ ಹೇಳ್ಕೊಂಡು ಬಂದ್ರು. ಬುಡು, ಆ ಪಾತ್ರೆ ಒಳಗೆ ತಗೊಂಡ್ಹೋಗು."

ಅಂದಿನಿಂದ ಪೈಪು ಸೋರಿದಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು. ನಾನು ನೀರು ಕಾಯಿಸಿಕೊಂಡು ಹೋಗುತ್ತಿದ್ದೆ. ಹಾಗೆ ನಮ್ಮ ಸ್ನೇಹ ಬೆಳೆಯಿತು. ಸ್ನೇಹ ಅಂದರೆ ಅವರು ಬೈಯುವುದು, ನಾನು ಕೇಳುವುದು. ಕೇಳುತ್ತಾ ಕೇಳುತ್ತಾ ನನಗೂ ಸಿಟ್ಟು ಬರತೊಡಗಿತು.

ತೋಟ ನೋಡಲು ನಿಜವಾಗಿಯೂ ಚೆನ್ನಾಗಿತ್ತು. ದಸರಾ ಹತ್ತಿರ ಬಂದಾಗ ಊರಿನಲ್ಲಿ ಮನೆತೋಟಗಳ ಸ್ಪರ್ಧೆ ನಡೆಯುತ್ತದೆ. ಭಾವ ಪ್ರತಿ ವರ್ಷ ತಮ್ಮ ಹೆಸರು ಕೊಡುತ್ತಿದ್ದರು, ಕೆಲವು ಸಲ ಬಹುಮಾನವೂ ಬಂದಿತ್ತು. ಹಜಾರದ ಗಾಜಿನ ಕಪಾಟಿನಲ್ಲಿ ಬಹುಮಾನದ ಕಪ್ಪುಗಳು ಸಾಲಾಗಿ ನಿಂತಿದ್ದವು. ಅವನ್ನು ಒರೆಸುವ ಕೆಲಸವೂ ಅತ್ತಿಗೆಯದೇ.

ಒಂದು ವರ್ಷ ತೀರ್ಪುಗಾರರು ಬರುವ ದಿನ ಭಾವ ಬೆಳಿಗ್ಗೆಯೇ ಲಷ್ಕರ್ ಮೊಹಲ್ಲಾದ ಅಂಗಡಿಯಿಂದ ಹೊಸ ಪೈಪು ತಂದರು. ಹಳದಿ ಬಣ್ಣದ್ದು, ತುದಿಗೆ ಹೊಳೆಯುವ ಹಿತ್ತಾಳೆ ಮೂತಿ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅತ್ತಿಗೆಯನ್ನು ಕೂಗಿ ಕರೆದೆ. ಅವರು ಸೆರಗಿಗೆ ಕೈ ಒರೆಸುತ್ತಾ ಬಂದು ಮೂತಿಯನ್ನು ಮುಟ್ಟಿ ನೋಡಿದರು.

ಭಾವ ಹೇಳಿದರು: "ಆ ತೇಪೆ ಪೈಪು ಹಿತ್ತಿಲಿಗೆ ಎಸೆದುಬಿಡು. ಬರೋರ ಕಣ್ಣಿಗೆ ಬೀಳಬಾರದು. ಮತ್ತೆ ನೀನೂ ಸ್ವಲ್ಪ ಹೊತ್ತು ಒಳಗೇ ಇರು. ಸೀರೆಯೆಲ್ಲ ಕೆಸರು. ನೋಡಿದೋರು ಏನಂದುಕೊಂಡಾರು."

ದನಿಯಲ್ಲಿ ಸ್ವಲ್ಪವೂ ಕಾಠಿಣ್ಯವಿರಲಿಲ್ಲ. ನೆಂಟರು ಬರುತ್ತಾರೆ, ಕುರ್ಚಿ ಸರಿಸು ಅನ್ನುವಂತೆ ಹೇಳಿದರು. ಅತ್ತಿಗೆ ಹಳೇ ಪೈಪನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹಿತ್ತಿಲಿಗೆ ಹೋದರು. ತೀರ್ಪುಗಾರರು ಬಂದರು, ಕಾಫಿ ಕುಡಿದರು, ಹೊಗಳಿದರು. ಭಾವ ಹೊಸ ಪೈಪು ಹಿಡಿದು ಗುಲಾಬಿಗಳ ನಡುವೆ ನಿಂತರು. ಜೊತೆಗೆ ಬಂದವರೊಬ್ಬರು ಫೋಟೋ ತೆಗೆದರು. ಆ ಹೊತ್ತಿಗೆ ನಲ್ಲಿಯಲ್ಲಿ ನೀರು ನಿಂತು ಎಷ್ಟೋ ಸಮಯವಾಗಿತ್ತು. ನಾನು ಅಡುಗೆಮನೆಯಲ್ಲಿ ಅತ್ತಿಗೆಯ ಪಕ್ಕ ನಿಂತಿದ್ದೆ. ಅವರು ಹುರುಳಿಕಾಯಿ ಮುರಿಯುತ್ತಿದ್ದರು, ಅಷ್ಟು ಚಿಕ್ಕ ಚೂರುಗಳನ್ನು ಯಾರೂ ಸಾರಿಗೆ ಹಾಕುವುದಿಲ್ಲ.

ಫೋಟೋ ಪತ್ರಿಕೆಯಲ್ಲಿ ಬಂತು. ಮನೆಯವರೆಲ್ಲ ಸುತ್ತ ನಿಂತು ನೋಡುವಾಗ ಅತ್ತಿಗೆಯೂ ಬಗ್ಗಿ ನೋಡಿದರು. "ಪೈಪಲ್ಲಿ ನೀರೇ ಬರ್ತಿಲ್ವಲ್ಲ ಅಣ್ಣ" ಅಂದರು. ಯಾರೂ ನಗಲಿಲ್ಲ.

ಮಾರನೇ ದಿನ ಹೊಸ ಪೈಪು ಕಾಣಲಿಲ್ಲ. ಭಾವ ಅದನ್ನು ಒರೆಸಿ, ಸುತ್ತಿ, ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದರು. ಬಿಸಿಲಿಗೆ ಹಾಳಾಗುತ್ತದೆ, ಮುಂದಿನ ದಸರಾಕ್ಕೆ ಬೇಕು ಅಂದರು. ಅತ್ತಿಗೆ ಹಿತ್ತಿಲಿಗೆ ಹೋಗಿ ತೇಪೆ ಪೈಪನ್ನು ವಾಪಸ್ ತಂದರು. ಆ ರಾತ್ರಿ ನನ್ನ ಗಂಡನಿಗೆ ನಾನು ಏನೇನೋ ಅಂದೆ. ಅವರು ತಲೆ ಬಗ್ಗಿಸಿ ಕೂತಿದ್ದು ಕೊನೆಗೆ, "ಅಣ್ಣನ ಸ್ವಭಾವ ಅದು. ಸುಮ್ನಿರು" ಅಂದರು. ನನ್ನ ಗಂಡ ಕೆಟ್ಟವರಲ್ಲ. ಭಾವನೂ ಕೆಟ್ಟವರಲ್ಲ, ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಹೋಗಿ ನಿಲ್ಲುತ್ತಿದ್ದರು. ತೋಟ ತಾವೇ ಬೆಳೆಸಿದ್ದು ಅಂತ ಅವರು ಮನಸಾರೆ ನಂಬಿದ್ದರು. ಅದನ್ನು ನೆನೆದಾಗಲೇ ನನಗೆ ಇವತ್ತಿಗೂ ಮೈ ಉರಿಯುವುದು.

ಹೀಗೇ ವರ್ಷಗಳು ಹೋದವು. ಹೊಸ ಪೈಪು ದಸರಾಕ್ಕೆ ಹೊರಗೆ ಬರುವುದು, ಮುಗಿದ ಮೇಲೆ ಒಳಗೆ ಹೋಗುವುದು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಚಳಿಗಾಲ ಹಳೇ ಪೈಪು ನಲ್ಲಿಯ ಬುಡದಲ್ಲೇ ಬಿರುಕು ಬಿಟ್ಟಿತು. ಕತ್ತರಿಸಿ ಜೋಡಿಸಿದರೆ ಮತ್ತೆ ಪಕ್ಕದಲ್ಲೇ ಸೀಳುತ್ತಿತ್ತು. ಅಲ್ಲಿಂದ ಚಿಮ್ಮಿದ ನೀರು ಅಂಗಳದ ಕಲ್ಲುಚಪ್ಪಡಿಯ ಮೇಲೆ ಹರಿದು ಪಾಚಿ ಕಟ್ಟಿತು. ಅತ್ತಿಗೆ ಭಾವನಿಗೆ ಹೇಳಿದರು: "ಇನ್ನು ತೇಪೆ ನಿಲ್ಲಲ್ಲ ಅಣ್ಣ. ಕಾಲು ಜಾರ್ತದೆ. ಆ ಹೊಸದು ಕೊಟ್ಬಿಡಿ."

"ಇನ್ನೊಂದು ಸಲ ಕಟ್ಟಿ ನೋಡು. ನಿನ್ನ ಕೈಲಿ ಆಗದೇ ಇರುತ್ತಾ" ಅಂದರು ಭಾವ, ಮೆಚ್ಚುಗೆಯಿಂದಲೇ.

ನಾವೇ ಒಂದು ಪೈಪು ತರೋಣ ಅಂತ ನಾನು ಗಂಡನಿಗೆ ಹೇಳಿದೆ. "ಮನೇಲಿ ಹೊಸದಿರುವಾಗ ಇನ್ನೊಂದು ತಂದ್ರೆ ಅಣ್ಣ ಬೇಜಾರು ಮಾಡ್ಕೋತಾರೆ" ಅಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೊರಗಿನಿಂದ ಬೈಗುಳ ಕೇಳಿಸುತ್ತಿದ್ದದ್ದು ತಟ್ಟನೆ ನಿಂತಿತು. ನಾನು ಓಡಿದೆ. ಅತ್ತಿಗೆ ಚಪ್ಪಡಿಯ ಮೇಲೆ ಅಡ್ಡ ಬಿದ್ದಿದ್ದರು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಪೈಪು ಇನ್ನೂ ಚಿಮ್ಮುತ್ತಾ ಅವರನ್ನು ತೋಯಿಸುತ್ತಿತ್ತು. "ಮೊದಲು ನಲ್ಲಿ ನಿಲ್ಲಿಸು" ಅಂದರು. ಕೂಗಲಿಲ್ಲ, ಅಳಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಖರ್ಚನ್ನೆಲ್ಲ ಭಾವನೇ ನೋಡಿಕೊಂಡರು, ಒಂದು ಮಾತೂ ಆಡದೆ. ಆಸ್ಪತ್ರೆಯ ವರಾಂಡದಲ್ಲಿ ನೋಡಲು ಬಂದ ನೆಂಟರೊಬ್ಬರ ಹತ್ತಿರ ಮಾತ್ರ, "ಎಷ್ಟು ಹೇಳಿದ್ರೂ ನೋಡ್ಕೊಂಡು ನಡೆಯಲ್ಲ. ಯಾವಾಗ್ಲೂ ಸಿಡಿಮಿಡಿ. ಗಮನ ಎಲ್ಲಿರುತ್ತೆ" ಅಂದರು.

ನಾನು ಎದ್ದು ಅವರ ಮುಂದೆ ಹೋಗಿ ನಿಂತೆ. "ಭಾವ, ಬೀಗದ ಕೈ ಕೊಡಿ."

"ಯಾವ ಬೀಗದ್ದಮ್ಮ?"

"ಉಗ್ರಾಣದ್ದು. ಪೈಪು ಇಟ್ಟಿದೀರಲ್ಲ, ಅದರದ್ದು. ಅವರು ಕೇಳಿದಾಗ ಕೊಡ್ಲಿಲ್ಲ. ಈಗ ಸೊಂಟ ಮುರ್ಕೊಂಡಿದಾರೆ. ಈಗ್ಲಾದ್ರೂ ಕೊಡ್ತೀರಾ, ಇಲ್ಲಾ ದಸರಾ ಬರ್ಬೇಕಾ?"

ನೆಂಟರು ನೆಲ ನೋಡಿದರು. ನನ್ನ ಗಂಡ ತೋಳು ಹಿಡಿದು, "ಆಸ್ಪತ್ರೆ ಇದು, ಸುಮ್ನಿರು" ಅಂದರು. ಕೈ ಕೊಡವಿಕೊಂಡೆ. ಭಾವನ ಮುಖದಲ್ಲಿ ಸಿಟ್ಟಿರಲಿಲ್ಲ, ಗಲಿಬಿಲಿ ಇತ್ತು. ಪೈಪಿಗೂ ಸೊಂಟಕ್ಕೂ ಏನು ಸಂಬಂಧ ಅಂತ ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ.

ಅತ್ತಿಗೆಯನ್ನು ಮನೆಗೆ ಕರೆತಂದು ತೋಟದ ಕಡೆಯ ಕಿಟಕಿಯ ಕೆಳಗೆ ಮಲಗಿಸಿದೆವು. ಆ ಸಂಜೆ ಭಾವ ಹಳದಿ ಪೈಪನ್ನು ತಾವಾಗಿಯೇ ಹೊರತೆಗೆದು ನನ್ನ ಕೈಗೆ ಕೊಡಲು ಬಂದರು. "ತಗೋಮ್ಮ. ಇನ್ನು ಅವಳು ಏಳೋವರೆಗೂ ತೋಟ ನೀನೇ ನೋಡ್ಕೋ."

ಒಳಗಿನಿಂದ ಅತ್ತಿಗೆಯ ದನಿ ಬಂತು. "ಮುಟ್ಟಬೇಡ ಅದನ್ನ. ಇವತ್ತು ಹಿಡ್ಕೊಂಡ್ರೆ ನಿನ್ನ ಸೊಂಟ ಮುರಿಯೋವರೆಗೂ ನಿನ್ನ ಕೈಲೇ ಇರ್ತದೆ."

ಭಾವ ಪೈಪು ಹಿಡಿದುಕೊಂಡೇ ನಿಂತರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. "ಅತ್ತಿಗೆ ಬೇಡ ಅಂತಿದಾರೆ ಭಾವ. ನಾನು ಹಾಕಲ್ಲ."

ಆ ಮನೆಯಲ್ಲಿ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಒಂದು ವಾರ ಭಾವನೇ ನೀರು ಹಾಕಿದರು, ಬೆನ್ನು ನೋವು ಬಂತು. ಒಬ್ಬ ಮಾಲಿ ಬಂದ, ಭಾವನ ಉಪದೇಶ ತಡೆಯಲಾರದೆ ಬಿಟ್ಟುಹೋದ. ಇನ್ನೊಬ್ಬ ಬರುವುದಾಗಿ ಹೇಳಿ ಬರಲೇ ಇಲ್ಲ. ಮಾರ್ಚ್ ಬಂತು. ಮೊದಲು ಕುಂಡದ ಗಿಡಗಳು ಬಾಗಿದವು. ಆಮೇಲೆ ಗುಲಾಬಿಯ ಎಲೆಗಳು ಅಂಚಿನಿಂದ ಕಂದಿದವು. ಹಸಿರು ಹಾಸು ಬೆಳಗಾಗುವುದರಲ್ಲಿ ಒಣಹುಲ್ಲಾಯಿತೋ ಅನ್ನಿಸಿತು. ಅತ್ತಿಗೆ ದಿನವೂ ಕಿಟಕಿಯಿಂದ ನೋಡುತ್ತಿದ್ದರು. ನನಗೇ ತಡೆಯಲಾಗಲಿಲ್ಲ. ದುಂಡುಮಲ್ಲಿಗೆ ಅವರ ತಾಯಿ ನೆಟ್ಟದ್ದು.

"ಮಲ್ಲಿಗೆಗೆ ಒಂದಕ್ಕೆ ಹಾಕ್ಲಾ ಅತ್ತಿಗೆ? ಒಂದು ಕೊಡ ಅಷ್ಟೇ."

"ಬೇಡ."

"ನಿಮ್ಮಮ್ಮ ನೆಟ್ಟಿದ್ದಲ್ವಾ?"

"ನೆಟ್ಟೋರು ಅಮ್ಮ. ನೀರು ಹಾಕಿದ್ದು ನಾನು. ಒಣಗ್ಲಿ. ಇಷ್ಟು ವರ್ಷ ಇದು ಯಾರ ಕೈಲಿ ಉಳ್ಕೊಂಡಿತ್ತು ಅಂತ ಇವರೆಲ್ಲ ಒಂದು ಸಲ ಕಣ್ಣಾರೆ ನೋಡ್ಲಿ."

ಒಣಗಿತು. ಭಾವ ಅಂಗಳದಲ್ಲಿ ನಿಂತು ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ನೋಡಿದೆ. ನನಗೆ ಅಯ್ಯೋ ಅನ್ನಿಸಲಿಲ್ಲ. ತಂಗಿ ಬಿದ್ದ ದಿನ ಆ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡಿರಲಿಲ್ಲ.

ಮಳೆಗಾಲದ ಹೊತ್ತಿಗೆ ಅತ್ತಿಗೆ ಕೋಲು ಹಿಡಿದು ನಡೆಯತೊಡಗಿದರು. ಭಾವ ಹೊಸ ಸಸಿಗಳ ಮಾತೆತ್ತಿದರು. "ಅವಳು ಕುರ್ಚಿ ಹಾಕ್ಕೊಂಡು ಕೂತು ಹೇಳ್ತಾ ಹೋದ್ರೆ ಸಾಕು, ನೀನು ಮಾಡು" ಅಂತ ನನಗೆ ಹೇಳಿದರು. ಅಂದೇ ನನ್ನ ಗಂಡನಿಗೆ ಸ್ಪಷ್ಟವಾಗಿ ತಿಳಿಸಿದೆ. "ನಾನೂ ಅತ್ತಿಗೆಯೂ ಬೇರೆ ಮನೆಗೆ ಹೋಗ್ತೀವಿ. ನೀವು ಬರೋದು ಬಿಡೋದು ನಿಮ್ಮಿಷ್ಟ."  ಮೂರನೇ ದಿನ ಅವರು ಬನ್ನಿಮಂಟಪದಲ್ಲಿ ಒಂದು ಬಾಡಿಗೆ ಮನೆ ನೋಡಿಕೊಂಡು ಬಂದರು. ಅಕ್ಕನ ಟ್ರಂಕನ್ನು ತಾವೇ ಹೊತ್ತು ಆಟೋಗೆ ಇಟ್ಟರು.

ಹೊಸ ಮನೆಗೆ ಹೋದ ವಾರವೇ ನಾನು ಮಾರ್ಕೆಟ್ಟಿನಿಂದ ಎರಡು ಗುಲಾಬಿ ಕುಂಡ ತಂದು ವರಾಂಡದಲ್ಲಿಟ್ಟೆ. ಅತ್ತಿಗೆಗೆ ಬೇಜಾರಾಗದಿರಲಿ ಅಂತ. ಅವರು ಕುಂಡಗಳನ್ನು ನೋಡಿ, ನನ್ನನ್ನು ನೋಡಿ, "ಇದ್ಯಾಕೆ?" ಅಂದರು.

"ನಿಮಗೆ ಇಷ್ಟ ಅಂತ."

"ನಂಗೆ ಹೂವಿನ ಗಿಡ ಇಷ್ಟ ಅಂತ ನಿನಗ್ಯಾರು ಹೇಳಿದ್ರು?"

 ಅವರು ಹೂ ಮುಡಿದದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ ಅನ್ನುವುದು ಆಗಷ್ಟೇ ನೆನಪಾಯಿತು. ಕುಂಡಗಳನ್ನು ಪಕ್ಕದ ಮನೆಯವರಿಗೆ ಕೊಟ್ಟೆ.

"ಮತ್ತೆ ನಿಮಗೆ ಏನು ಇಷ್ಟ ಅತ್ತಿಗೆ?" ಅಂತ ಕೇಳಿದೆ.

ಅತ್ತಿಗೆಯ ಮುಖದಲ್ಲಿ ನಾಚಿಕೆಯಂಥದ್ದೇನೋ ಬಂತು, ಅವರ ಮುಖದಲ್ಲಿ ಅದನ್ನು ನಾನು ಮೊದಲ ಸಲ ಕಂಡದ್ದು. "ಕುದುರೆ" ಅಂದರು. "ಸಣ್ಣವಳಿದ್ದಾಗ ಜಟಕಾ ಸ್ಟ್ಯಾಂಡಲ್ಲಿ ಹೋಗಿ ನಿಂತ್ಕೊಂಡು ಬಿಡ್ತಿದ್ದೆ. ಅಪ್ಪ ಕಿವಿ ಹಿಡಿದು ಎಳ್ಕೊಂಡು ಬರೋರು. ಕುದುರೆ ಮೈ ಬಿಸಿ ಇರ್ತದೆ ಗೊತ್ತಾ? ಕೈ ಇಟ್ರೆ ಚರ್ಮ ನಡುಗ್ತದೆ."

ಆ ವರ್ಷ ದಸರಾಕ್ಕೆ ಮುಂಚೆ ಬನ್ನಿಮಂಟಪದ ಮೈದಾನದಲ್ಲಿ ಪೊಲೀಸ್ ಕುದುರೆಗಳ ತಾಲೀಮು ಶುರುವಾದಾಗ ಅವರನ್ನು ಕರೆದುಕೊಂಡು ಹೋದೆ. ಬೇಲಿಯ ಹೊರಗಿನಿಂದ ಸ್ವಲ್ಪ ಸ್ವಲ್ಪ ಕಾಣುತ್ತಿತ್ತು. ಕೋಲನ್ನು ನನ್ನ ಕೈಗೆ ಕೊಟ್ಟು ಎರಡೂ ಕೈಗಳಿಂದ ಕಂಬಿ ಹಿಡಿದು ನಿಂತರು. ಒಂದು ಬಿಳಿ ಕುದುರೆ ಸಾಲಿನಿಂದ ಸರಿದು ಸರಿದು ಹೋಗುತ್ತಿತ್ತು, ಸವಾರ ಎಳೆದೆಳೆದು ಸುಸ್ತಾಗಿದ್ದ.

"ನೋಡು, ನೋಡು. ಅದು ಮಾತು ಕೇಳಲ್ಲ" ಅಂದರು. ಗಟ್ಟಿಯಾಗಿ ನಕ್ಕರು. ಬೈಗುಳವಿಲ್ಲದ ಅವರ ದನಿ ಅಷ್ಟು ಎಳೆಯದು ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಪ್ರತಿ ವರ್ಷ ತಾಲೀಮಿನ ದಿನಗಳಲ್ಲಿ ಸಂಜೆಯಾದರೆ ಸಾಕು, ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿರುತ್ತಿದ್ದರು. ತಡವಾದರೆ ನನಗೂ ಬೈಗುಳ ಬೀಳುತ್ತಿತ್ತು.

ಕೆಲವೇ ವರ್ಷ ಸಿಕ್ಕಿದವು. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಎದೆ ಹಿಡಿದುಕೊಂಡಂತಿದೆ ಅಂದರು. ಡಾಕ್ಟರು ಬರುವ ಹೊತ್ತಿಗೆ ಮುಗಿದಿತ್ತು.

ಶಿವಗಣಾರಾಧನೆಯ ದಿನ ನೆಂಟರೆಲ್ಲ ನಮ್ಮ ಬಾಡಿಗೆ ಮನೆಗೆ ಬಂದರು. ಪೂಜೆ ಮುಗಿದು ಜಂಗಮರ ಊಟವಾಗಿ, ನೆಂಟರು ಪಂಕ್ತಿಗೆ ಕೂತಿದ್ದರು. ಭಾವ ಕಾರಿನಲ್ಲಿ ಒಂದು ಸಂಪಿಗೆ ಸಸಿ ತಂದಿದ್ದರು. ಎಲೆಯ ಮುಂದೆ ಕೂತೇ ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮ ತಂಗಿಗೆ ಗಿಡ ಅಂದ್ರೆ ಪ್ರಾಣ. ಹಗಲೂ ರಾತ್ರಿ ಅದೇ ಧ್ಯಾನ. ಅವಳ ನೆನಪಿಗೆ ಇದನ್ನ ನೆಡಬೇಕು." ಅವರ ದನಿ ಒಡೆದಿತ್ತು. ಸುತ್ತ ಕೂತವರು ಹೌದು ಹೌದು ಅಂದರು.

ನಾನು ಪಾಯಸದ ಪಾತ್ರೆ ಹಿಡಿದು ಬಡಿಸುತ್ತಿದ್ದೆ. ಅಲ್ಲೇ ನಿಂತೆ.

"ಅವರಿಗೆ ಗಿಡ ಇಷ್ಟ ಇರಲಿಲ್ಲ ಭಾವ" ಅಂದೆ. "ಯಾವತ್ತೂ ಇರಲಿಲ್ಲ. ಅವರಿಗೆ ಕುದುರೆ ಇಷ್ಟ."

 ಯಾರೋ ಒಬ್ಬರು ನಗಲು ಹೋಗಿ ನಿಲ್ಲಿಸಿದರು. ಭಾವ ಕೈ ಎಲೆಯ ಮೇಲೆ ಹಾಗೇ ಇಟ್ಟುಕೊಂಡು ನನ್ನನ್ನೇ ನೋಡಿದರು. "ಕುದುರೆನಾ?" ಅಂದರು. ಅಷ್ಟೇ. ಹುಟ್ಟಿದಾಗಿನಿಂದ ಒಂದೇ ಸೂರಿನಡಿ ಬೆಳೆದ ತಂಗಿಯ ಈ ವಿಷಯವನ್ನು ಅವರು ಆವತ್ತು ಊಟದ ಪಂಕ್ತಿಯಲ್ಲಿ ಮೊದಲ ಸಲ ಕೇಳಿದರು.

 ಅವರ ಎಲೆಗೆ ಪಾಯಸ ಬಡಿಸಿದೆ, ಮುಂದಿನ ಎಲೆಗೆ ಹೋದೆ. ಊಟವಾದ ಮೇಲೆ ಸಸಿಯನ್ನು ಭಾವನ ಕಾರಿನ ಹಿಂದಿನ ಸೀಟಿನಲ್ಲಿ ನಾನೇ ವಾಪಸ್ ಇಟ್ಟು ಬಾಗಿಲು ಹಾಕಿದೆ. ಕಾರು ರಸ್ತೆಯ ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತಿದ್ದೆ. ಆಮೇಲೆ ಒಳಗೆ ಬಂದು ಗೋಡೆಗೆ ಒರಗಿ ಕೂತು, ಅತ್ತಿಗೆ ಹೋದ ಮೇಲೆ ಮೊದಲ ಸಲ ಜೋರಾಗಿ ಅತ್ತೆ.